ಯಾರ ಎದೆಮಟ್ಟ

ಬೇಸಿಗೆಯ ಕೊನೆಯಲ್ಲಿ ನಮ್ಮ ಸೀಮೆಯಲ್ಲಿ ಮೀನು ಹೇಗೆ ಎಂದು ಯಾರಾದರೂ ಕೇಳಿದರೆ, ಮೊದಲು ನೀರು ಎಲ್ಲಿ ಎಂದು ಹೇಳಬೇಕಾಗುತ್ತದೆ. ನಕ್ಷೆಯಲ್ಲಿ ಪಾಲಾರ್ ಎಂಬ ನದಿ ಇದೆ. ನಾನು ಕಂಡ ಪಾಲಾರ್ ಬಹುಪಾಲು ಮರಳು. ಅದರ ಮೇಲೆ ಗಾಡಿಯ ಗಾಲಿಗಳ ಗುರುತಿರುತ್ತಿತ್ತು, ಅಲ್ಲಲ್ಲಿ ಹೆಂಗಸರು ಒರತೆ ತೋಡಿ ಚಿಪ್ಪಿನಲ್ಲಿ ನೀರು ಮೊಗೆಯುತ್ತಿದ್ದರು. ಮಾಲೂರು ತಾಲ್ಲೂಕಿನ ನನ್ನ ಸ್ವಂತ ಊರಿನ ಕೆರೆ ಶಿವರಾತ್ರಿಗೆಲ್ಲ ಬಿರುಕು ಬಿಡುತ್ತಿತ್ತು. ಅಲ್ಲಿಂದ ವಕ್ಕಲೇರಿಯ ಮೇಲೆ ಕೋಲಾರಕ್ಕೆ ಬಂದು, ಬಸ್ಸು ಬದಲಾಯಿಸಿ ಮುಳಬಾಗಿಲಿನ ಕಡೆಗೆ ಹೋಗುವಾಗ ನಾನು ಕಿಟಕಿಯ ಪಕ್ಕವೇ ಕೂರುತ್ತಿದ್ದೆ. ಒಂದು ಕೆರೆಯಲ್ಲಿ ದನ ಮೇಯುತ್ತಿರುತ್ತವೆ. ಇನ್ನೊಂದರಲ್ಲಿ ಹೊಲಕ್ಕೆ ಹಾಕಲು ಗೋಡುಮಣ್ಣು ತೆಗೆಯುತ್ತಿರುತ್ತಾರೆ. ಮತ್ತೊಂದರಲ್ಲಿ ಕೊಕ್ಕರೆಗಳು ನಿಂತಿರುತ್ತವೆ. ಕೊಕ್ಕರೆ ನಿಂತಿದ್ದರೆ ನೀರಿದೆ, ಹಕ್ಕಿಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಮೀನಿಗೆ ಓಡಲು ಬೇರೆ ಜಾಗವಿಲ್ಲ ಎಂದು ಅರ್ಥ. ಇಷ್ಟನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಮುಂದೆ ಮಾಡಿದ ತಪ್ಪು ಮಾಡುತ್ತಿರಲಿಲ್ಲವೇನೋ.

ನನಗೆ ಕೆಲಸ ಸಿಕ್ಕಿದ್ದು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ. ಇಡೀ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆ ಎಂದು ಬರೆಯುತ್ತೇನೆ. ನನ್ನ ಹೆಂಡತಿ ಒಪ್ಪುವುದಿಲ್ಲ. ಆ ಸಲದ ಅಂಗಿಯ ಮೀನಿನ ವಾಸನೆ ತನಗೆ ನೆನಪಿದೆ, ಹಾಗಾಗಿ ಅದು ಮದುವೆಯ ನಂತರ, ಎಂಬತ್ತು ದಾಟಿದ ಮೇಲೆ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ನಾನಾಗ ಒಬ್ಬಂಟಿ, ಶಾಲೆಯ ಪಕ್ಕದ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ ಮಾಡಿಕೊಳ್ಳುತ್ತಿದ್ದವನು. ಇಬ್ಬರಲ್ಲಿ ಒಬ್ಬರು ತಪ್ಪು. ವಾಸನೆಯನ್ನು ನಂಬುವುದೇ ವಾಸಿ ಎಂದು ಈಚೆಗೆ ಅನಿಸುತ್ತಿದೆ.

ರಜೆಯಲ್ಲಿ ಊರಿಗೆ ಹೋಗದೆ ಅಲ್ಲೇ ಉಳಿದಿದ್ದಕ್ಕೆ ಕಾರಣ ದನದ ಗಣತಿ. ಮನೆಮನೆಗೆ ಹೋಗಿ ಎತ್ತೆಷ್ಟು, ಎಮ್ಮೆಯೆಷ್ಟು, ಕುರಿಯೆಷ್ಟು ಎಂದು ಬರೆದುಕೊಳ್ಳುವ ಕೆಲಸ. ಅವೆಲ್ಲ ನೀರು ಕುಡಿಯುವುದು ಎಲ್ಲಿ ಎಂದು ಕೇಳಿದರೆ ಎಲ್ಲರೂ ಒಂದೇ ಕಡೆ ಕೈ ತೋರಿಸುತ್ತಿದ್ದರು. ಕೆರೆ ನಮ್ಮೂರಿನದರ ಹಾಗೆ ಒಣಗುತ್ತಿರಲಿಲ್ಲ. ಮೇ ತಿಂಗಳಲ್ಲೂ ಕಟ್ಟೆಯ ಬುಡದಲ್ಲಿ, ತೂಬಿನ ಕಲ್ಲಿನ ಮುಂದೆ, ಅಗಲವಾದ ನೀರಿರುತ್ತಿತ್ತು. ತೂಬಿನ ಬಾಯಿಗಿಂತ ಕೆಳಗಿನ ಆ ನೀರು ಗದ್ದೆಗೆ ಹರಿಯಲಾರದು. ಅದು ದನಗಳಿಗೆ ಮತ್ತು ಮೀನಿಗೆ ಬಿಟ್ಟ ನೀರು.

ಮೀನು ಹಿಡಿಯಲು ವರ್ಷಕ್ಕೆ ಒಂದು ದಿನ, ಮೃಗಶಿರ ಮಳೆಗೆ ಮೊದಲು. ಅಂದು ಯಾರು ಬೇಕಾದರೂ ಇಳಿಯಬಹುದು. ಗಂಡಸರು ತಳವಿಲ್ಲದ ಬಿದಿರು ಬುಟ್ಟಿಯನ್ನು ಕೆಸರಿಗೆ ಅದುಮಿ, ಮೇಲಿನಿಂದ ಕೈ ಹಾಕಿ ತಡಕುತ್ತಾರೆ. ಹೆಂಗಸರು ಹಳೆಯ ಸೀರೆಯನ್ನು ಎರಡು ಕಡೆ ಹಿಡಿದು ಸಣ್ಣ ಮೀನು ಸೋಸುತ್ತಾರೆ. ನೂರಾರು ಕಾಲುಗಳು ಕದಡಿದ ನೀರಿನಲ್ಲಿ ಉಸಿರು ಕಟ್ಟಿ ಗೆಂಡೆ ಮೀನುಗಳು ಮೇಲಕ್ಕೆ ಬಾಯಿ ತೆಗೆಯುತ್ತವೆ. ಕೊರಮೀನು ಮಾತ್ರ ಕೆಸರಿನೊಳಗೆ ಸುಮ್ಮನೆ ಮಲಗಿರುತ್ತದೆ, ಅದನ್ನು ಕಾಲಿನಿಂದ ಹುಡುಕಬೇಕು. ಶ್ರೀನಿವಾಸಪುರದ ಕಡೆ ಆ ಹೊತ್ತಿಗೆ ಮಾವಿನಕಾಯಿ ಬೇಕಾದಷ್ಟು. ಅಂದು ಊರಿಗೆ ಊರೇ ಮಾವಿನಕಾಯಿ ಹಾಕಿದ ಮೀನಿನ ಸಾರು, ಮುದ್ದೆ.

ಆದರೆ ಕೆರೆಯಲ್ಲಿ ಒಂದು ಗೆರೆ ಇತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು, ಕೆರೆಯ ತೂಬು ನೋಡಿಕೊಂಡು ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಇಳಿದು, ಲಕ್ಕಿ ಕೊಂಬೆಗಳನ್ನು ಸಾಲಾಗಿ ನೆಡುತ್ತಿದ್ದ. ಕೊಂಬೆಯ ಆಚೆ ಯಾರೂ ಹೋಗಕೂಡದು. ಆಚೆಯ ನೀರಿಗೆ ಓಡಿಹೋದ ಮೀನು ಬದುಕಿಕೊಂಡ ಹಾಗೆ. ಮಳೆ ಬಂದ ಮೇಲೆ ಕೆರೆ ತುಂಬುವುದು ಅದರ ಮರಿಗಳಿಂದಲೇ. ಗೆರೆ ತೀರಾ ಒಳಗಿದ್ದರೆ ಉಳಿಯುವ ನೀರು ಕಡಿಮೆ, ಮಧ್ಯಾಹ್ನದ ಬಿಸಿಲಿಗೆ ಕಾದು ಮೀನು ಸತ್ತು ತೇಲುತ್ತವೆ, ಆ ನೀರನ್ನು ದನ ಮೂಸಿಯೂ ನೋಡುವುದಿಲ್ಲ. ತೀರಾ ಈಚೆಗಿದ್ದರೆ ಊರಿನವರ ಬುಟ್ಟಿಗೆ ಏನೂ ಬೀಳುವುದಿಲ್ಲ. ಎಲ್ಲಿ ನೆಡಬೇಕು ಎಂಬುದಕ್ಕೆ ಒಂದೇ ಲೆಕ್ಕ. ನೀರಗಂಟಿ ದಡದಿಂದ ನಡೆದುಕೊಂಡು ಹೋಗುತ್ತಾನೆ, ನೀರು ಎದೆಮಟ್ಟ ಬಂದ ಕಡೆ ನಿಲ್ಲುತ್ತಾನೆ, ಅದೇ ಗೆರೆ.

ಆ ಊರಿನ ನೀರಗಂಟಿ ಹಿಂದಿನ ವರ್ಷ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಆ ಮೇಲಿನ ಒಂದು ಬೆಳೆಗೆ ತೂಬು ತೆಗೆದು ಮುಚ್ಚಿ ಮಾಡಿದವಳು ಅವನ ಹೆಂಡತಿ. ಗದ್ದೆಗದ್ದೆಗೆ ಸರದಿ ಪ್ರಕಾರ ನೀರು ಬಿಟ್ಟಳು, ಕಣದಲ್ಲಿ ನೀರಗಂಟಿಗೆ ಸಲ್ಲುವ ಭತ್ತದ ಪಾಲು ತೆಗೆದುಕೊಂಡಳು. ಯಾರೂ ಬೇಡ ಎನ್ನಲಿಲ್ಲ, ಇನ್ನು ಮೇಲೆ ನೀನೇ ಎಂದೂ ಹೇಳಲಿಲ್ಲ. ಅವಳ ಮೈದುನನಿಗೆ ಆ ಕೆಲಸದ ಮೇಲೆ ಕಣ್ಣಿತ್ತು. ಊರಿನಲ್ಲಿ ಎಲ್ಲರಿಗಿಂತ ಎತ್ತರದ ಆಳು, ಬಾಗಿಲು ಹಾಯುವಾಗ ಬಗ್ಗಿಯೇ ಹಾಯುತ್ತಿದ್ದ. ಅವನೂ ಬಾಯಿ ಬಿಟ್ಟು ಕೇಳಿರಲಿಲ್ಲ. ಹೀಗೆ ಯಾರೂ ಏನೂ ಹೇಳದೆ ಇದ್ದದ್ದರಲ್ಲಿ ಅವಳ ಕೆಲಸ ನಡೆಯುತ್ತಿತ್ತು, ಅವಳ ಮತ್ತು ಎರಡು ಹೆಣ್ಣುಮಕ್ಕಳ ಊಟ ನಡೆಯುತ್ತಿತ್ತು.

ಇಲ್ಲಿ ನಾನು ಬರುತ್ತೇನೆ. ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಕಾಲೇಜಿನ ಗೆಳೆಯರಿಗೆ, ಮಕ್ಕಳಿಗೆ, ಒಂದು ಸಲ ರೈಲಿನಲ್ಲಿ ಸಿಕ್ಕಿದ ಅಪರಿಚಿತರಿಗೆ. ಪ್ರತಿ ಸಲವೂ ಒಂದು ಮಾತನ್ನು ಬಿಟ್ಟಿದ್ದೇನೆ. ಊರಿನಲ್ಲಿ ಆ ವರ್ಷ ಒಂದು ಪ್ರಶ್ನೆ ಎದ್ದಿತು ಎಂದು ಹೇಳುತ್ತಿದ್ದೆ, ಪ್ರಶ್ನೆ ತಾನಾಗಿ ಕೆಸರಿನಿಂದ ಎದ್ದು ಬಂದ ಹಾಗೆ. ಅದನ್ನು ಕೇಳಿದವನು ನಾನು.

ಮೀನು ಹಿಡಿಯಲು ನಾಲ್ಕೈದು ದಿನ ಇತ್ತು. ಬಸ್ಸು ನಿಲ್ಲುವ ಕಡೆ ಒಂದು ಟೀ ಅಂಗಡಿ. ಅಲ್ಲಿ ಏಳೆಂಟು ಜನ ಗೆರೆಯ ಪದ್ಧತಿಯನ್ನು ನನಗೆ ವಿವರಿಸುತ್ತಿದ್ದರು. ಹೊರಗಿನವನಿಗೆ ತಮ್ಮ ಊರಿನದನ್ನು ಹೇಳುವಾಗ ಬರುವ ಹುರುಪು ಅವರಿಗೂ ಬಂದಿತ್ತು. ನನಗೆ ಕೆಟ್ಟ ಯೋಚನೆ ಏನೂ ಇರಲಿಲ್ಲ. ಪಾಠ ಮಾಡುವವನಿಗೆ ಅಳತೆ ಎಂದರೆ ಕುತೂಹಲ, ಅಷ್ಟೇ. ಎದೆಮಟ್ಟ ಅಂದರೆ ಯಾರ ಎದೆಮಟ್ಟ ಎಂದು ಕೇಳಿದೆ. ಆಯಮ್ಮ ಗಂಡನಿಗಿಂತ ಒಂದು ತಲೆ ಕುಳ್ಳಲ್ಲವೇ ಎಂದೂ ಸೇರಿಸಿದೆ.

ಒಬ್ಬ ಗ್ಲಾಸಿನ ತಳದ ಟೀಯನ್ನು ನೆಲಕ್ಕೆ ಚೆಲ್ಲಿದ. ಇನ್ನೊಬ್ಬ ತನ್ನ ಎದೆಯ ಮೇಲೆ ಅಡ್ಡಲಾಗಿ ಕೈಯಿಟ್ಟುಕೊಂಡು, ಆಮೇಲೆ ಒಂದು ಗೇಣು ಕೆಳಗಿಟ್ಟುಕೊಂಡು ನೋಡಿದ. ಕೆರೆಯ ಹೊಟ್ಟೆ ತಟ್ಟೆಯ ಹಾಗೆ ಚಪ್ಪಟೆ. ಒಂದು ಗೇಣು ಆಳ ಬೇಕೆಂದರೆ ಮೂವತ್ತು ಹೆಜ್ಜೆ ಒಳಗೆ ಹೋಗಬೇಕು. ಅವಳ ಎದೆಮಟ್ಟಕ್ಕೆ ಗೆರೆ ಹಾಕಿದರೆ ಅಷ್ಟೂ ಹೆಜ್ಜೆಯ ಮೀನು ಊರಿನ ಕೈ ತಪ್ಪಿ ಗೆರೆಯ ಆಚೆಗೆ ಹೋಗುತ್ತದೆ. ಎಲ್ಲರ ಮುಖದಲ್ಲಿ ಈ ಲೆಕ್ಕ ನಡೆಯುವುದನ್ನು ನಾನು ನೋಡಿದೆ. ನನ್ನ ಶಾಲೆಯಲ್ಲಿ ಲೆಕ್ಕ ಅಷ್ಟು ಬೇಗ ಯಾರಿಗೂ ಆಗುತ್ತಿರಲಿಲ್ಲ.

ಸಂಜೆಗೆ ಊರೆಲ್ಲ ಅದೇ ಮಾತು. ಒಂದು ಕಡೆಯವರು, ಗೆರೆ ಸತ್ತವನ ಎದೆಮಟ್ಟಕ್ಕೇ ಇರಬೇಕು, ಅವಳು ಬೇಕಾದರೆ ಕತ್ತಿನವರೆಗೆ ಮುಳುಗಿ ನೆಡಲಿ ಎಂದರು. ಇನ್ನೊಂದು ಕಡೆಯವರು, ಅಷ್ಟೆಲ್ಲ ಯಾಕೆ, ಅವನ ತಮ್ಮ ಇದ್ದಾನಲ್ಲ, ಅವನೇ ನೆಡಲಿ ಎಂದರು. ತಮ್ಮನೇ ನೆಟ್ಟರೆ ನೀರಗಂಟಿ ಯಾರು ಎಂಬುದೂ ಅಲ್ಲಿಗೇ ತೀರ್ಮಾನವಾಗುತ್ತದೆ. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಮಾರನೆಯ ದಿನ ಗಣತಿಯ ನೆಪ ಮಾಡಿಕೊಂಡು ಅವಳ ಮನೆಯ ಹತ್ತಿರ ಹೋದೆ. ಎರಡು ಮೇಕೆ ಇದ್ದವು, ಬರೆದುಕೊಂಡೆ. ಅವಳು ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಾನು ಒಂದು ಉಪಾಯ ಹೇಳಿದೆ, ಇದು ಅವಳಿಗೆ ಸಹಾಯ ಎಂದೇ ತಿಳಿದು. ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಅಡಿ, ಅಂಗುಲ ಬರೆದುಬಿಡೋಣ. ನೀರು ಇಷ್ಟಿದ್ದರೆ ಗೆರೆ ಇಲ್ಲಿ, ಅಷ್ಟಿದ್ದರೆ ಅಲ್ಲಿ ಎಂದು ಒಂದು ಪಟ್ಟಿ ಮಾಡಿಕೊಡುತ್ತೇನೆ. ಯಾರ ಎದೆಯ ಮಾತೂ ಬರುವುದಿಲ್ಲ. ಅವಳು ತಲೆ ಎತ್ತದೆ ಕೇಳಿದಳು.

"ಹೂಳು ವರ್ಷಾ ಬಂದು ಕೂರ್ತದೆ ಮೇಷ್ಟ್ರೇ. ಕಲ್ಲಿಗೆ ಕೆಳಗಿನ ಹೂಳು ಕಾಣ್ತದಾ?"

ಇಲ್ಲ ಎಂದೆ.

"ಮತ್ತೆ ಕಲ್ಲು ನೋಡಿ ಗೆರೆ ಹಾಕೋದಾದ್ರೆ ನಾನ್ಯಾಕೆ? ಕಣದಾಗೆ ಪಾಲು ಕೇಳೋಕೆ ಹೋದ್ರೆ, ಪಾಲು ಕಲ್ಲಿಗೆ ಕೊಟ್ಟಿದೀವಿ ಹೋಗಮ್ಮ ಅಂತಾರೆ."

ಇಷ್ಟು ಹೇಳಿ ಮತ್ತೆ ಕುಟ್ಟತೊಡಗಿದಳು. ಪ್ರಶ್ನೆ ಎತ್ತಿದವನು ನಾನೇ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ ನನಗೆ ಅಂದಾಜಾಗಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಮೀನು ಹಿಡಿಯುವ ದಿನ ಬೆಳಿಗ್ಗೆ ನಾನು ಕೆರೆಗೆ ಹೋಗುವ ಹೊತ್ತಿಗೆ ಅವಳು ಆಗಲೇ ನೀರಿನಲ್ಲಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿದ್ದಳು, ತಲೆಯ ಮೇಲೆ ಲಕ್ಕಿ ಕೊಂಬೆಗಳ ಹೊರೆ, ನೀರು ಅವಳ ಎದೆಯ ಮಟ್ಟಕ್ಕೆ. ದಡದಲ್ಲಿ ಊರು ನಿಂತಿತ್ತು, ಬುಟ್ಟಿಗಳ ಸಮೇತ. ಅವಳು ಒಂದು ಕೊಂಬೆಯನ್ನೂ ನೆಟ್ಟಿರಲಿಲ್ಲ, ಏಕೆಂದರೆ ಪಟೇಲರು ಕೈ ಎತ್ತಿ ನಿಲ್ಲಿಸಿದ್ದರು. ಪಟೇಲಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಆ ವಯಸ್ಸಾದವರನ್ನು ಊರು ಪಟೇಲರೆಂದೇ ಕರೆಯುತ್ತಿತ್ತು, ಇಂಥ ಹೊತ್ತಿನಲ್ಲಿ ಅವರ ಮಾತನ್ನೇ ಕಾಯುತ್ತಿತ್ತು.

ಪಟೇಲರು ಅವಳಿಗೆ ಮೂವತ್ತು ಹೆಜ್ಜೆ ಒಳಗೆ ಹೋಗಲು ಹೇಳಿದರು. ಗಂಡ ಬದುಕಿದ್ದಾಗಿನ ಲೆಕ್ಕ ಬೇರೆ ಆಗಬಾರದು, ಊರಿಗೆ ಅನ್ಯಾಯವಾಗಬಾರದು ಎಂಬ ಮಾತು. ಗದರಿಸಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅವಳು ಅಲ್ಲಿಂದಲೇ ಉತ್ತರ ಕೊಟ್ಟಳು. ನೀರಿನ ಮೇಲೆ ಮಾತು ಚೆನ್ನಾಗಿ ಕೇಳಿಸುತ್ತದೆ.

"ನೀರಗಂಟಿ ಎದೆಮಟ್ಟ ಅಂತ ತಾನೇ ಇರೋದು ಪಟೇಲ್ರೇ. ನಾನು ನೀರಗಂಟಿ ಆದ್ರೆ ನನ್ನ ಎದೆ. ಅಲ್ಲ ಅಂದ್ರೆ ಅಲ್ಲ ಅಂತ ಹೇಳಿಬಿಡಿ, ಕೊಂಬೆ ಇಲ್ಲೇ ಬಿಟ್ಟು ಬರ್ತೀನಿ."

ಪಟೇಲರು ಹೇಳಲಿಲ್ಲ. ಅಲ್ಲ ಎನ್ನಲು ಅವರಿಗೆ ಮನಸ್ಸಿರಲಿಲ್ಲ, ಹೌದು ಎಂದರೆ ಬುಟ್ಟಿ ಹಿಡಿದು ನಿಂತವರು ಸುಮ್ಮನಿರುತ್ತಿರಲಿಲ್ಲ. ಅವಳು ದಡಕ್ಕೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಈಗ ಯೋಚಿಸಿದರೆ, ದಡಕ್ಕೆ ಬಂದಿದ್ದರೆ ಮತ್ತೆ ಇಳಿಯಲು ಯಾರದೋ ಅಪ್ಪಣೆ ಬೇಕಾಗುತ್ತಿತ್ತು. ಆಗ ನಾನು ಇಷ್ಟೆಲ್ಲ ಯೋಚಿಸಿದೆನೇ? ಇಲ್ಲ. ಆಗ ನಾನು ನೋಡುತ್ತಿದ್ದದ್ದು ಅವಳ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದುದನ್ನು. ಕೊರಮೀನು ಉಸಿರಿಗೆ ಮೇಲೆ ಬರುತ್ತಿತ್ತೋ ಅವಳ ಕಾಲು ಕೆಸರನ್ನು ಒತ್ತುತ್ತಿತ್ತೋ ಎಂಬುದೇ ನನಗೆ ದೊಡ್ಡ ವಿಷಯವಾಗಿತ್ತು.

ಅಷ್ಟರಲ್ಲಿ ಟೀ ಅಂಗಡಿಯವನು, ಜಗಳ ಬೇಡ, ಮೇಷ್ಟ್ರ ಎದೆಮಟ್ಟ ಇಟ್ಕೊಳ್ಳೋಣ, ಸರ್ಕಾರದ ಎದೆ, ಯಾರ ಕಡೆಯದೂ ಅಲ್ಲ ಎಂದ. ಜನ ನಕ್ಕರು. ನಾನೂ ನಗಲು ನೋಡಿದೆ. ಅವಳು ನೀರಿನಿಂದಲೇ ಅಂದಳು:

"ಬರ್ಲಿ ಬರ್ಲಿ. ಕೇಳಿದ್ದೂ ಅವರೇ ಅಲ್ವಾ."

ಅವಳಿಗೆ ಗೊತ್ತಿತ್ತು. ನಾನು ಪ್ಯಾಂಟು ಮಡಚಿ ಇಳಿದೆ. ಮೊಳಕಾಲುದ್ದಕ್ಕೆ ಹೋಗುವಷ್ಟರಲ್ಲಿ ಎಡಗಾಲು ಕೆಸರಿನಲ್ಲಿ ಹೂತಿತು, ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಚಪ್ಪಲಿ ಹಾಕಿಕೊಂಡು ಕೆರೆಗೆ ಇಳಿಯುವವನ ಎದೆ ಯಾವ ಅಳತೆಗೂ ಬೇಡ ಎಂದು ಒಬ್ಬ ಮುದುಕಿ ತೆಲುಗಿನಲ್ಲಿ ಹೇಳಿದ್ದು ನನಗೂ ಅರ್ಥವಾಯಿತು. ನಾನು ಅಲ್ಲೇ ನಿಂತೆ. ಮುಂದಿನದನ್ನು ನೋಡಿದ್ದು ಅಲ್ಲಿಂದ, ಮೊಳಕಾಲುದ್ದ ನೀರಿನಿಂದ. ಹಾಗಾಗಿ ದಡದಲ್ಲಿದ್ದವರ ಮುಖ ನನಗೆ ಗೊತ್ತಿಲ್ಲ. ಹಿಂದೆ ಇದನ್ನು ಹೇಳುವಾಗ ಅವರ ಮುಖಗಳನ್ನೂ ವರ್ಣಿಸುತ್ತಿದ್ದೆ.

ಮುಂದಿನ ಮಾತನ್ನು ನಾನು ಯಾವಾಗಲೂ ಪಟೇಲರ ಬಾಯಿಂದ ಆಡಿಸುತ್ತಿದ್ದೆ. ಹಿರಿಯರು ದಾರಿ ತೋರಿಸಿದರು ಎಂದರೆ ಕೇಳುವವರಿಗೆ ಹಿತ. ಆದರೆ ಹೇಳಿದವಳು ಅವಳು. ಮೈದುನ ದಡದ ಜನರ ಹಿಂದೆ ನಿಂತಿದ್ದ, ಎಷ್ಟು ಹಿಂದೆ ನಿಂತರೂ ಎಲ್ಲರ ತಲೆಯ ಮೇಲೆ ಕಾಣುತ್ತಿದ್ದ. ಅವನನ್ನು ಕೂಗಿದಳು. ಇವನ ಎದೆಮಟ್ಟಕ್ಕೇ ಗೆರೆ ಇರಲಿ, ನನಗೆ ಒಪ್ಪಿಗೆ, ಇವನೇ ಬಂದು ನಿಲ್ಲಲಿ, ನಾನು ಬಂದು ಅಲ್ಲಿ ನೆಡುತ್ತೇನೆ ಎಂದಳು.

ಅವನು ಲುಂಗಿ ಎತ್ತಿ ಕಟ್ಟಿ ಇಳಿದ. ಅವಳ ಪಕ್ಕಕ್ಕೆ ಬಂದಾಗ ನೀರು ಅವನ ಹೊಟ್ಟೆಯ ಹತ್ತಿರ. ದಾಟಿ ಐದಾರು ಹೆಜ್ಜೆ ಹೋಗಿ ಹಿಂತಿರುಗಿ ನೋಡಿದ.

"ಇಂಕಾ ಪೋ ಅಬ್ಬಾಯ್," ಎಂದಳು. ಇನ್ನೂ ಹೋಗಪ್ಪ.

ಹತ್ತು ಹೆಜ್ಜೆ. ನೀರು ಹೊಕ್ಕುಳ ದಾಟಿತು. ದಡದಿಂದ ಯಾರೋ, ಸಾಕು ಬಿಡು, ಎದೆ ಬಂತು ಎಂದರು. ಬಂದಿರಲಿಲ್ಲ. ಅವನು ಬೇಕೆಂದೇ ಮಂಡಿ ಬಗ್ಗಿಸಬಹುದಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬಗ್ಗಿಸಲಿಲ್ಲ. ಏಕೆ ಎಂದು ಈಗಲೂ ನನಗೆ ಕುತೂಹಲ. ಪ್ರಾಮಾಣಿಕತೆಯೋ, ಇನ್ನು ನಾಲ್ಕು ಹೆಜ್ಜೆಗೆ ಎದೆಯಾಳ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯೋ. ಇನ್ನೂ ನಡೆದ. ನೀರು ಪಕ್ಕೆಲುಬಿನ ಕೆಳಗೆ ಬಂದು ಅಲ್ಲೇ ನಿಂತಿತು. ಆಮೇಲೆ ಇಳಿಯತೊಡಗಿತು. ಮತ್ತೆ ಹೊಕ್ಕುಳ, ಮತ್ತೆ ಸೊಂಟ, ಮತ್ತೆ ತೊಡೆ. ಅವನು ತೂಬಿನ ಕಲ್ಲಿನ ಹತ್ತಿರ ಕಟ್ಟೆಯ ಮೇಲೆ ಹತ್ತಿ, ಲುಂಗಿಯಿಂದ ನೀರು ಸುರಿಸುತ್ತಾ, ಏನು ಮಾಡಬೇಕೆಂದು ತಿಳಿಯದೆ ನಿಂತ. ಇಡೀ ಕೆರೆ ದಾಟಿದ್ದ. ಅವನ ಎದೆಯಷ್ಟು ನೀರು ಆ ಕೆರೆಯಲ್ಲಿ ಇರಲೇ ಇಲ್ಲ.

ಮೇಲಿನಿಂದ ನೋಡಿದರೆ ಕೆರೆಯ ಅಗಲ ಕಾಣುತ್ತದೆ, ಆಳ ಕಾಣುವುದಿಲ್ಲ. ಆ ವರ್ಷ ಹೂಳು ಎಷ್ಟು ತುಂಬಿತ್ತೆಂದು ಗೊತ್ತಿದ್ದದ್ದು ಒಬ್ಬಳಿಗೆ. ಮೂವತ್ತು ಹೆಜ್ಜೆಗಾಗಿ ನಾಲ್ಕು ದಿನ ಜಗಳವಾಡಿದ್ದರು. ಸತ್ತವನ ಎದೆಮಟ್ಟವೂ ಅಲ್ಲಿ ಸಿಗುತ್ತಿತ್ತೋ ಇಲ್ಲವೋ. ಎತ್ತರದವನ ಅಳತೆ ಹಿಡಿದರೆ ಗೆರೆಯೇ ಇಲ್ಲ, ಅಂಗೈಯಷ್ಟು ನೀರೂ ಬಿಡದೆ ಹಿಡಿಯಬಹುದು. ಮೊದಲು ಅದಕ್ಕೇ ಒಂದಿಬ್ಬರು ಹೋ ಎಂದು ಕೂಗಿದರು. ಕೂಗು ಅರ್ಧಕ್ಕೆ ನಿಂತಿತು. ದನ ಗಣತಿ ಮಾಡಿದವನಾದ್ದರಿಂದ ಏಕೆ ನಿಂತಿತೆಂದು ನನಗೆ ತಿಳಿಯಿತು: ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ ಮಧ್ಯಾಹ್ನ ಇದೇ ನೀರಿಗೆ ಬಾಯಿ ಹಾಕುವ ಒಂದಾದರೂ ಪ್ರಾಣಿ ಇತ್ತು, ಮಳೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಆಗ ಪಟೇಲರು ಏನಂದರು? "ನೀರಗಂಟಮ್ಮ, ನೆಡಮ್ಮ" ಎಂದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನೆಡಮ್ಮ ಎಂದದ್ದು ಖಂಡಿತ. ಅದರ ಹಿಂದಿನ ಪದ ಅವರು ಆಡಿದರೋ ನಾನು ಸೇರಿಸಿದೆನೋ ಹೇಳಲಾರೆ. ನಾನು ಕಾಲಿನಲ್ಲಿ ಚಪ್ಪಲಿ ತಡಕುತ್ತಿದ್ದೆ.

ಅವಳು ನೆಟ್ಟಳು. ತಲೆಯ ಹೊರೆಯಿಂದ ಒಂದೊಂದೇ ಕೊಂಬೆ ಎಳೆದು, ಕೆಸರಿಗೆ ಇಳಿಸಿ, ಅಲ್ಲಾಡಿಸಿ ನೋಡಿ, ಎದೆಮಟ್ಟದ ನೀರಿನಲ್ಲೇ ಅಡ್ಡಲಾಗಿ ಸರಿಯುತ್ತಾ ಹೋದಳು. ಮೊದಲಿನಿಂದ ನಿಂತಿದ್ದ ಜಾಗವನ್ನು ಒಂದು ಹೆಜ್ಜೆಯೂ ಬದಲಾಯಿಸಲಿಲ್ಲ. ಕೊನೆಯ ಕೊಂಬೆ ನೆಟ್ಟು ಕೈ ಬೀಸಿದ ಮೇಲೆ ಊರು ಇಳಿಯಿತು. ನೀರು ಕ್ಷಣದಲ್ಲಿ ಟೀಯ ಬಣ್ಣವಾಯಿತು. ಬುಟ್ಟಿಗಳು ಬೀಳುವ ಸದ್ದು, ಹೆಂಗಸರು ಸೀರೆಯ ಆ ತುದಿ ಎತ್ತು ಈ ತುದಿ ಎತ್ತು ಎನ್ನುವುದು, ಯಾರಿಗೋ ಚೇಳುಮೀನಿನ ಮುಳ್ಳು ಚುಚ್ಚಿ ಬಾಯಿಗೆ ಬಂದಂತೆ ಬೈಯುವುದು. ಗೆಂಡೆಗಳು ಕೊಂಬೆಗಳ ನಡುವೆ ನುಸುಳಿ ಆಚೆಗೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ನೀರಿನ ಮೇಲೆ ಬಾಣದ ಗುರುತಿನಂಥ ಗೆರೆ ಮೂಡುತ್ತಿತ್ತು, ಅಳಿಸುತ್ತಿತ್ತು. ಹಿಡಿದದ್ದಕ್ಕಿಂತ ಹೋದದ್ದೇ ಹೆಚ್ಚು. ಗೊಣಗಾಟವೂ ಇತ್ತು, ಇಲ್ಲವೆಂದು ಹೇಳುವುದಿಲ್ಲ.

ಪಟೇಲರ ಮಗ, ನನ್ನ ವಯಸ್ಸಿನವನು, ತೊಡೆಯಷ್ಟು ದಪ್ಪದ ಒಂದು ಕೊರಮೀನನ್ನು ಅಟ್ಟಿಕೊಂಡು ಹೋದ. ಮೀನು ಗೆರೆ ದಾಟಿತು. ಅವನೂ ದಾಟಿದ. ಎರಡು ಹೆಜ್ಜೆ ಆಚೆ ಬುಟ್ಟಿ ಎತ್ತಿ ಅದುಮುವ ಹೊತ್ತಿಗೆ ಅವಳು ಇಪ್ಪತ್ತು ಮಾರು ದೂರದಿಂದ ಹೇಳಿದಳು.

"ಈಚೆ ಬಾರಪ್ಪಾ."

ದನಿ ಏರಿಸಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು, ನಿನ್ನ ಸರದಿ ಮುಗೀತು ನೀರು ಕಟ್ಟು ಎನ್ನುವ ದನಿಯೇ. ಅವನು ಬುಟ್ಟಿಯನ್ನು ಮೇಲೆ ಹಿಡಿದುಕೊಂಡೇ ಒಂದು ಸಲ ಅಪ್ಪ ನಿಂತಿದ್ದ ಕಡೆ ನೋಡಿದ. ಅಪ್ಪ ಬೇರೆ ಯಾವುದೋ ಕಡೆ ನೋಡುತ್ತಿದ್ದರು. ಅವನು ಈಚೆ ಬಂದ.

ಆಮೇಲೆ ಯಾರೂ ದಾಟಲಿಲ್ಲ. ಮೈದುನ ಕಟ್ಟೆಯ ಮೇಲಿಂದ ಸುತ್ತಿ ಬಂದು ಯಾರದೋ ಬುಟ್ಟಿ ಇಸಿದುಕೊಂಡು ಇಳಿದ. ಗೆರೆಯ ಉದ್ದಕ್ಕೂ, ಬುಟ್ಟಿಯ ಅಂಚು ಕೊಂಬೆಗೆ ತಾಗುವಷ್ಟು ಹತ್ತಿರದಲ್ಲಿ ಅದುಮುತ್ತಾ ಹೋದ. ಅವಳು ಅವನ ಹಿಂದೆಯೇ ನಡೆದು, ಬುಟ್ಟಿ ತಾಗಿ ವಾಲಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಳು.